ಪಿಯಾನೊವನ್ನೇ ಪ್ರಾರ್ಥನೆಯಾಗಿಸಿದ ಮೇರಿ ಲೂ ವಿಲಿಯಮ್ಸ್

ಜಾಝ್ ಎಂದೊಡನೆ ನಮ್ಮ ಓದುಗರಲ್ಲಿ ಹಲವರಿಗೆ ನೈಟ್ ಕ್ಲಬ್ಬು, ಸಿಗರೇಟಿನ ಹೊಗೆ, ಮದ್ಯದ ಗ್ಲಾಸು ಇವೇ ಕಣ್ಣೆದುರು ಬರಬಹುದು. ಆ ಚಿತ್ರ ಪೂರ್ತಿ ಸುಳ್ಳೇನಲ್ಲ. ಆದರೆ ಅದೇ ಲೋಕದಲ್ಲಿ ಬೆಳೆದು, ಅಲ್ಲಿಯೇ ಹೆಸರು ಗಳಿಸಿ, ಮುಂದೆ ಅದೇ ಸಂಗೀತವನ್ನು ಬಲಿಪೀಠದ ಬಳಿಗೆ ತಂದ ಮಹಿಳೆಯೊಬ್ಬರಿದ್ದರು. ಅವರೇ ಅಮೆರಿಕದ ಪಿಯಾನೊ ವಾದಕಿ ಹಾಗೂ ಸಂಗೀತ ರಚನೆಕಾರ್ತಿ ಮೇರಿ ಲೂ ವಿಲಿಯಮ್ಸ್. 1910ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ ಅವರ ಧ್ವನಿಮುದ್ರಿಕೆಗಳು ಬಹುಕಾಲ ಸುಲಭವಾಗಿ ಸಿಗುತ್ತಿರಲಿಲ್ಲ. ಈಗ ಒಂದೊಂದಾಗಿ ಮತ್ತೆ ಕೇಳಲು ದೊರಕುತ್ತಿವೆ. ಅವನ್ನು ಕಾಲಕ್ರಮದಲ್ಲಿ ಪುನಃ ಕೇಳುತ್ತಾ ಹೋದಾಗ ಅವರ ಜೀವನವೇ ನಮ್ಮ ಮುಂದೆ ಬಿಚ್ಚಿಕೊಂಡಿತು. ಅದನ್ನು ಓದುಗರೊಡನೆ, ವಿಶೇಷವಾಗಿ ಗಾಯನ ಮಂಡಳಿಗಳಲ್ಲಿ ಸೇವೆ ಸಲ್ಲಿಸುವವರೊಡನೆ ಹಂಚಿಕೊಳ್ಳಬೇಕೆನಿಸಿತು.

ಮೇರಿ ಎಲ್ಫ್ರೀಡಾ ಸ್ಕ್ರಗ್ಸ್ ಎಂಬುದು ಅವರ ಹುಟ್ಟುಹೆಸರು. 1910ರ ಮೇ 8ರಂದು ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ ಬಡ ಕಪ್ಪು ಕುಟುಂಬವೊಂದರಲ್ಲಿ ಜನಿಸಿದರು. ತಾಯಿ ವರ್ಜೀನಿಯಾ ಮನೆಯಲ್ಲಿ ಕಾಲಿನಿಂದ ತುಳಿದು ಗಾಳಿ ತುಂಬಿಸುವ ಹಾರ್ಮೋನಿಯಂ ನುಡಿಸುತ್ತಿದ್ದರು. ನಮ್ಮ ಹಳೆಯ ಇಗರ್ಜಿಗಳಲ್ಲಿ ಕೀಬೋರ್ಡ್ ಬರುವ ಮೊದಲು ಇದ್ದಂತಹದೇ ವಾದ್ಯ. ಅದರ ಪೆಡಲಿನ ಕಿರ್‌ಗುಟ್ಟುವ ಸದ್ದು ಹಿರಿಯರಿಗೆ ಇನ್ನೂ ನೆನಪಿರಬಹುದು. ಮೂರು ವರ್ಷದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ತಾಯಿ ಒಂದು ರಾಗ ನುಡಿಸಿ ನಿಲ್ಲಿಸಿದಾಗ, ಮಗು ಪುಟ್ಟ ಬೆರಳುಗಳಿಂದ ಅದನ್ನೇ ತಿರುಗಿ ನುಡಿಸಿತಂತೆ. ತಾಯಿ ಬೆಚ್ಚಿಬಿದ್ದು ನೆರೆಹೊರೆಯವರನ್ನು ಕರೆದರು. ಆದರೆ ಮಗಳಿಗೆ ಸಂಗೀತ ಶಿಕ್ಷಕರನ್ನು ಮಾತ್ರ ಗೊತ್ತುಮಾಡಲಿಲ್ಲ. ಸ್ವರಲಿಪಿ ಓದಲು ಕಲಿತರೆ ಕಿವಿಯಿಂದ ಕೇಳಿ ನುಡಿಸುವ ಶಕ್ತಿ ಹೋದೀತೆಂಬ ಭಯ ಅವರಿಗೆ. ಸಂಗೀತ ಮೇಷ್ಟರುಗಳು ಇದನ್ನು ಒಪ್ಪಲಾರರು. ಆದರೆ ಈ ಹುಡುಗಿಯ ಮಟ್ಟಿಗೆ ತಾಯಿಯ ಲೆಕ್ಕ ತಪ್ಪಲಿಲ್ಲ.

ಕುಟುಂಬ ಉತ್ತರದ ಪಿಟ್ಸ್‌ಬರ್ಗ್ ನಗರಕ್ಕೆ ವಲಸೆ ಹೋಯಿತು. ಅಲ್ಲಿ ಕಪ್ಪು ಜನರು ತಮ್ಮ ಬೀದಿಗೆ ಬಂದದ್ದು ನೆರೆಯ ಬಿಳಿಯರಿಗೆ ಹಿಡಿಸಲಿಲ್ಲ. ಮನೆಯ ಮೇಲೆ ಇಟ್ಟಿಗೆ ಎಸೆದದ್ದೂ ಉಂಟು. ಹುಡುಗಿ ಅದೇ ನೆರೆಹೊರೆಯವರ ಮನೆಗಳಿಗೆ ಹೋಗಿ ಪಿಯಾನೊ ನುಡಿಸತೊಡಗಿದ ಮೇಲೆ ಇಟ್ಟಿಗೆಗಳು ನಿಂತವು. ಈಸ್ಟ್ ಲಿಬರ್ಟಿ ಎಂಬ ಆ ಪ್ರದೇಶದಲ್ಲಿ ಆಕೆ 'ಪಿಯಾನೊ ಹುಡುಗಿ' ಎಂದೇ ಹೆಸರಾದಳು. ಮಲತಂದೆ ಫ್ಲೆಚರ್ ಬರ್ಲಿ ಆಕೆಯನ್ನು ಜೂಜುಕಟ್ಟೆಗಳಿಗೂ ಕರೆದೊಯ್ದು ನುಡಿಸುತ್ತಿದ್ದರು. ಹತ್ತು ವರ್ಷ ತುಂಬುವ ಹೊತ್ತಿಗೆ ಮನೆಯ ಖರ್ಚಿಗೆ ಆಕೆಯ ದುಡಿಮೆಯೂ ಸೇರುತ್ತಿತ್ತು.

ಹದಿಹರೆಯದಲ್ಲೇ ಊರೂರು ಸುತ್ತುವ ರಂಜನಾ ತಂಡವೊಂದನ್ನು ಸೇರಿದರು. ಅಲ್ಲಿದ್ದ ಸ್ಯಾಕ್ಸೊಫೋನ್ ವಾದಕ ಜಾನ್ ವಿಲಿಯಮ್ಸ್‌ರನ್ನು ಮದುವೆಯಾದರು. ಜಾನ್ ಸೇರಿದ ವಾದ್ಯತಂಡಕ್ಕೆ ಬೇರೊಬ್ಬ ಪಿಯಾನೊ ವಾದಕನಿದ್ದುದರಿಂದ ಮೇರಿ ಲೂ ಅವರಿಗೆ ಅಲ್ಲಿ ಜಾಗವಿರಲಿಲ್ಲ. ಒಕ್ಲಹೋಮಾ ರಾಜ್ಯದ ಟಲ್ಸಾದಲ್ಲಿ ಕೆಲಕಾಲ ಶವಸಂಸ್ಕಾರ ಮಾಡಿಸುವವರೊಬ್ಬರಿಗಾಗಿ ಶವ ಸಾಗಿಸುವ ಗಾಡಿ ಓಡಿಸಿಯೂ ಜೀವನ ನಡೆಸಿದರು. ಆಂಡಿ ಕರ್ಕ್ ಎಂಬವರ ನಾಯಕತ್ವದ ಆ ತಂಡ 1929ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ರೆಕಾರ್ಡ್ ಕಂಪೆನಿಯವರ ಮುಂದೆ ನುಡಿಸಬೇಕಾದ ದಿನ ತಂಡದ ಪಿಯಾನೊ ವಾದಕ ಬರಲಿಲ್ಲ. ಆ ಜಾಗದಲ್ಲಿ ಮೇರಿ ಲೂ ಕುಳಿತರು. ಅಲ್ಲಿಂದ ಹನ್ನೆರಡು ವರ್ಷ ಆ ತಂಡದ ಜೀವನಾಡಿಯೇ ಆದರು.

ನಾವು ಮೊದಲು ಕೇಳಿದ ಧ್ವನಿಮುದ್ರಿಕೆ 1930ರದು. ಷಿಕಾಗೊದಲ್ಲಿ ಒಂಟಿಯಾಗಿ ನುಡಿಸಿದ ಎರಡು ಕೃತಿಗಳು, 'ನೈಟ್ ಲೈಫ್' ಮತ್ತು 'ಡ್ರ್ಯಾಗ್ ಎಮ್'. ಒಂದೊಂದೂ ಮೂರು ನಿಮಿಷದಷ್ಟು. ಆ ಕಾಲದ ರೆಕಾರ್ಡಿನ ಒಂದು ಬದಿಯಲ್ಲಿ ಅದಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಮೇರಿ ಲೂ ಎಂಬ ಹೆಸರು ಅಂಟಿದ್ದೂ ಅದೇ ರೆಕಾರ್ಡಿನಿಂದ. ಇಪ್ಪತ್ತು ವರ್ಷದ ಹೆಣ್ಣುಮಗಳ ಎಡಗೈ ಹೇಗೆ ಕೆಲಸ ಮಾಡುತ್ತದೆಂದು ಇಲ್ಲಿ ಕೇಳಬೇಕು. ಕೆಳಗಿನ ಒಂದು ಸ್ವರ, ತಕ್ಷಣ ಮೇಲಕ್ಕೆ ಹಾರಿ ಒಂದು ಸ್ವರಗುಚ್ಛ, ಮತ್ತೆ ಕೆಳಗೆ. ಡೋಲಿನವರೂ ಬೇಡ, ಬಾಸ್ ವಾದಕರೂ ಬೇಡ. ತಾಳವೆಲ್ಲ ಆ ಒಂದು ಕೈಯಲ್ಲೇ ಇದೆ. ಬಲಗೈ ಮಾತ್ರ ಯಾವ ಅವಸರವೂ ಇಲ್ಲದೆ ಅದರ ಮೇಲೆ ಹರಟೆ ಹೊಡೆಯುತ್ತಿರುತ್ತದೆ. 'ಡ್ರ್ಯಾಗ್ ಎಮ್' ನಿಧಾನಗತಿಯ ಬ್ಲೂಸ್. ಬ್ಲೂಸ್ ಎಂದರೆ ಗುಲಾಮಗಿರಿಯಿಂದ ಹೊರಬಂದ ಕಪ್ಪು ಜನರ ದುಃಖದ ಹಾಡು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಕೇಳುವಾಗ ಅದರಲ್ಲಿ ನಗುವೂ ಇದೆಯೆಂಬುದು ತಿಳಿಯುತ್ತದೆ. ಈ ರೆಕಾರ್ಡಿನಿಂದ ಬಂದ ಹಣದಲ್ಲಿ ನುಡಿಸಿದವರಿಗೆ ವರ್ಷಗಟ್ಟಲೆ ಪಾಲು ಸಿಗಲಿಲ್ಲವೆಂಬುದೂ ಅದೇ ಕಥೆಯ ಭಾಗ. ಕಪ್ಪು ಸಂಗೀತಗಾರರಿಗೆ ಆಗ ಅದೇ ಪಾಡು; ಹೆಣ್ಣಾದರೆ ಇನ್ನೂ ಕಷ್ಟ.

ಕಾನ್ಸಾಸ್ ಸಿಟಿಯ ಆ ವರ್ಷಗಳ ನೆನಪೊಂದನ್ನು ಅವರು ಮುಂದೆ ಬಹಳ ಪ್ರೀತಿಯಿಂದ ಹೇಳಿಕೊಳ್ಳುತ್ತಿದ್ದರು. ಒಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಕಿಟಕಿಯ ಜಾಲರಿ ತಟ್ಟಿದ ಸದ್ದು. ಹೊರಗೆ ಸ್ಯಾಕ್ಸೊಫೋನ್ ವಾದಕ ಬೆನ್ ವೆಬ್‌ಸ್ಟರ್. ನ್ಯೂಯಾರ್ಕಿನಿಂದ ಬಂದಿದ್ದ ಪ್ರಸಿದ್ಧ ಕೋಲ್ಮನ್ ಹಾಕಿನ್ಸ್‌ರನ್ನು ಊರಿನ ಸ್ಯಾಕ್ಸೊಫೋನ್ ವಾದಕರೆಲ್ಲ ಸೇರಿ ಸೋಲಿಸಲು ಹೊರಟಿದ್ದಾರೆ, ರಾತ್ರಿಯಿಡೀ ನುಡಿಸಿ ಪಿಯಾನೊದವರೆಲ್ಲ ಸುಸ್ತಾಗಿದ್ದಾರೆ, ಬೇಗ ಎದ್ದು ಬಾ ಎಂಬ ಕರೆ. ಅವರು ಎದ್ದು ಹೋದರು. ಪುರುಷರೇ ತುಂಬಿದ್ದ ಆ ಲೋಕದಲ್ಲಿ ಅವರ ಸ್ಥಾನ ಏನಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸ್ವರಲಿಪಿ ಓದಲು ಬಾರದಿದ್ದ ಅವರು ಆಂಡಿ ಕರ್ಕ್‌ರಿಂದ ಬರೆಯಲು ಕಲಿತು, ಕೆಲವೇ ವರ್ಷಗಳಲ್ಲಿ ದೇಶದ ದೊಡ್ಡ ವಾದ್ಯತಂಡಗಳಿಗೆ ಸಂಗೀತ ಬರೆದುಕೊಡತೊಡಗಿದರು. 1936ರ 'ವಾಕಿನ್ ಅಂಡ್ ಸ್ವಿಂಗಿನ್', ಬೆನ್ನಿ ಗುಡ್‌ಮನ್ ತಂಡಕ್ಕಾಗಿ 1937ರಲ್ಲಿ ಬರೆದ 'ರೋಲ್ ಎಮ್', ಡ್ಯೂಕ್ ಎಲಿಂಗ್ಟನ್‌ರಿಗಾಗಿ 'ಟ್ರಂಪೆಟ್ ನೋ ಎಂಡ್'. ಇವೆಲ್ಲ ಕುಣಿತದ ಸಂಗೀತ, ಇಂದು ಕೇಳಿದರೂ ಕಾಲು ಸುಮ್ಮನಿರುವುದಿಲ್ಲ. ಮೊದಲ ಮದುವೆ ಮುರಿಯಿತು. ಟ್ರಂಪೆಟ್ ವಾದಕ ಹೆರಾಲ್ಡ್ ಬೇಕರ್‌ರೊಡನೆ ಆದ ಎರಡನೆಯದೂ ಹೆಚ್ಚು ಕಾಲ ಉಳಿಯಲಿಲ್ಲ. 1942ರಲ್ಲಿ ಕರ್ಕ್ ತಂಡವನ್ನು ಬಿಟ್ಟು, ಮುಂದಿನ ವರ್ಷದ ಹೊತ್ತಿಗೆ ನ್ಯೂಯಾರ್ಕಿನ 'ಕೆಫೆ ಸೊಸೈಟಿ'ಯಲ್ಲಿ ನುಡಿಸುತ್ತಿದ್ದರು. ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ಕುಳಿತು ಕೇಳಬಹುದಾಗಿದ್ದ ಅಂದಿನ ಬೆರಳೆಣಿಕೆಯ ಜಾಗಗಳಲ್ಲಿ ಅದೊಂದು.

ಹಾರ್ಲೆಮ್‌ನ ಹ್ಯಾಮಿಲ್ಟನ್ ಟೆರೇಸ್‌ನಲ್ಲಿದ್ದ ಅವರ ಮನೆ ಆಗ ಹೊಸ ತಲೆಮಾರಿನವರ ಅಡ್ಡೆಯಾಗಿತ್ತು. ಥೆಲೋನಿಯಸ್ ಮಂಕ್, ಬಡ್ ಪವೆಲ್, ಟ್ಯಾಡ್ ಡಾಮೆರನ್, ಡಿಝಿ ಗಿಲೆಸ್ಪಿ ಇವರೆಲ್ಲ ನಡುರಾತ್ರಿಯ ನಂತರ ಬಂದು ತಾವು ಬರೆದದ್ದನ್ನು ಅವರ ಪಿಯಾನೊ ಮೇಲೆ ನುಡಿಸಿ ತೋರಿಸುತ್ತಿದ್ದರು. ಇವರು ಕೇಳಿ ತಿದ್ದುತ್ತಿದ್ದರು, ಹಸಿದವರಿಗೆ ಊಟ ಹಾಕುತ್ತಿದ್ದರು. ಆ ದಿನಗಳಲ್ಲೇ, 1945ರಲ್ಲಿ, 'ಝೋಡಿಯಾಕ್ ಸ್ವೀಟ್' ಹುಟ್ಟಿತು. ಹನ್ನೆರಡು ರಾಶಿಗಳ ಹೆಸರಿನಲ್ಲಿ ಹನ್ನೆರಡು ಪುಟ್ಟ ರಚನೆಗಳು. ರಾಶಿಫಲದ ಮಾತು ಇಲ್ಲವೆಂದು ನಮ್ಮ ಓದುಗರು ನಿಶ್ಚಿಂತರಾಗಿರಬಹುದು. ಆಯಾ ರಾಶಿಯಲ್ಲಿ ಹುಟ್ಟಿದ ಸಂಗೀತಗಾರ ಗೆಳೆಯರ ಚಿತ್ರಗಳಿವು. ಬಾಸ್ ಮತ್ತು ಡ್ರಮ್ಸ್ ಜೊತೆ ನುಡಿಸಿದ ಆ ವರ್ಷದ ಧ್ವನಿಮುದ್ರಿಕೆಯನ್ನು ಮೋಸೆಸ್ ಆಶ್ ಎಂಬವರು ಹೊರತಂದರು. ಡಿಸೆಂಬರ್ 31ರಂದು ಟೌನ್ ಹಾಲ್‌ನಲ್ಲಿ ವಾದ್ಯವೃಂದದೊಡನೆ, ಮರುವರ್ಷ ಕಾರ್ನೆಗಿ ಹಾಲ್‌ನಲ್ಲಿ ಅದರ ಕೆಲವು ಭಾಗಗಳು ದೊಡ್ಡ ಸಿಂಫನಿ ವಾದ್ಯವೃಂದದೊಡನೆ ಕೇಳಿಬಂದವು. ಇದರಲ್ಲಿ ನಮಗೆ ಹೆಚ್ಚು ಇಷ್ಟವಾದದ್ದು 'ಲಿಬ್ರಾ', ತುಲಾ ರಾಶಿ. ಅಲ್ಲಿ ಕುಣಿತವಿಲ್ಲ, ಬೆಳಗಿನ ಮಂಜಿನಲ್ಲಿ ಒಬ್ಬರೇ ನಡೆದುಹೋಗುವಂತಹ ಒಂದು ಶಾಂತಿ.

ಆ ಶಾಂತಿ ಬದುಕಿನಲ್ಲಿ ಇರಲಿಲ್ಲ. ಕೈಗೆ ಬಂದ ಹಣ ಇಸ್ಪೀಟಿನ ಜೂಜಿನಲ್ಲಿ ಕರಗುತ್ತಿತ್ತು. ಮನೆಗೆ ಬರುತ್ತಿದ್ದ ಹುಡುಗರಲ್ಲಿ ಹಲವರು ಹೆರಾಯಿನ್ ಚಟಕ್ಕೆ ಬಿದ್ದರು. 1952ರಲ್ಲಿ ಸ್ವಲ್ಪ ದಿನಗಳಿಗೆಂದು ಇಂಗ್ಲೆಂಡಿಗೆ ಹೋದವರು ಎರಡು ವರ್ಷ ಯೂರೋಪಿನಲ್ಲೇ ಉಳಿದರು. ಕೆಲಸವಿತ್ತು, ಚಪ್ಪಾಳೆಯಿತ್ತು, ಒಳಗೆ ಮಾತ್ರ ಏನೂ ಇರಲಿಲ್ಲ. 1954ರಲ್ಲಿ ಪ್ಯಾರಿಸ್ಸಿನ ಕ್ಲಬ್ಬೊಂದರಲ್ಲಿ ನುಡಿಸುತ್ತಿದ್ದವರು ಪಿಯಾನೊ ಬಿಟ್ಟು ಎದ್ದು ಹೊರಟುಹೋದರು. ಆ ವರ್ಷದ ಕೊನೆಗೆ ನ್ಯೂಯಾರ್ಕಿಗೆ ಮರಳಿದರು. ಆಗ ಅವರಿಗೆ 44 ವರ್ಷ.

ಮುಂದಿನ ಮೂರು ವರ್ಷಗಳು ಅವರ ಸಂಗೀತ ಜೀವನದಲ್ಲಿ ಬಹುಮಟ್ಟಿಗೆ ಖಾಲಿ. ಧ್ವನಿಮುದ್ರಿಕೆಗಳ ಪಟ್ಟಿಯಲ್ಲಿ ಇಲ್ಲಿ ಹಠಾತ್ತನೆ ಮೌನ. ಆದರೆ ಅವರ ಕಥೆಯ ತಿರುಳು ಇರುವುದೇ ಈ ಮೌನದಲ್ಲಿ ಎಂದು ನಮಗೆ ತೋರುತ್ತದೆ. ಮನೆಯ ಹತ್ತಿರದ ಪ್ರೊಟೆಸ್ಟೆಂಟ್ ದೇವಾಲಯಗಳಿಗೆ ಹೋದರು. ಪ್ರಾರ್ಥನೆಯ ಸಮಯ ಬಿಟ್ಟರೆ ಅವುಗಳ ಬಾಗಿಲು ಮುಚ್ಚಿರುತ್ತಿತ್ತು. ಹಾರ್ಲೆಮ್‌ನ ಲೂರ್ದು ಮಾತೆಯ ಕಥೋಲಿಕ ದೇವಾಲಯದ ಬಾಗಿಲು ಹಗಲೆಲ್ಲ ತೆರೆದಿತ್ತು. ಅಷ್ಟೇ ಕಾರಣ. ಒಳಗೆ ಹೋಗಿ ಕೂತರು. ದಿನವೂ ಹೋಗತೊಡಗಿದರು. ಗಂಟೆಗಟ್ಟಲೆ ಪ್ರಾರ್ಥಿಸುತ್ತಿದ್ದರು, ಉಪವಾಸ ಮಾಡುತ್ತಿದ್ದರು, ಯಾರಿಗಾಗಿ ಬೇಡಬೇಕೋ ಅವರ ಹೆಸರುಗಳ ಉದ್ದನೆಯ ಪಟ್ಟಿ ಇಟ್ಟುಕೊಂಡಿದ್ದರು. 1955ರ ಮಾರ್ಚ್‌ನಲ್ಲಿ ಜಾಝ್ ಲೋಕದ ಮಹಾ ಪ್ರತಿಭೆ ಚಾರ್ಲಿ ಪಾರ್ಕರ್ ಕೇವಲ 34ರ ಹರೆಯದಲ್ಲಿ ತೀರಿಕೊಂಡಾಗ ಆ ಪಟ್ಟಿಯ ತುರ್ತು ಇನ್ನೂ ಹೆಚ್ಚಾಯಿತು. ಚಟ ಬಿಡಲಾರದ ಸಂಗೀತಗಾರರನ್ನು ತಮ್ಮ ಪುಟ್ಟ ಮನೆಗೇ ಕರೆತಂದು ಮಲಗಿಸಿ, ಬಡಿಸಿ, ಪ್ರಾರ್ಥನೆಗೆ ಕರೆದೊಯ್ಯುತ್ತಿದ್ದರು. ಕೆಲವರು ಉಳಿದರು, ಕೆಲವರು ಅವರ ಸಾಮಾನನ್ನೇ ಮಾರಿ ಹೋದರು.

ಡಿಝಿ ಗಿಲೆಸ್ಪಿ ಅವರ ಪತ್ನಿ ಲೊರೇನ್ ಕೂಡ ಅದೇ ದಾರಿಯಲ್ಲಿದ್ದರು. ಇಬ್ಬರೂ ಯೇಸುಸಭೆಯ ವಂದನೀಯ ಫಾದರ್ ಆಂಥನಿ ವುಡ್ಸ್ ಅವರ ಬಳಿ ಧರ್ಮೋಪದೇಶ ಪಡೆದು 1957ರ ಮೇ ತಿಂಗಳಲ್ಲಿ ದೀಕ್ಷಾಸ್ನಾನ ಸ್ವೀಕರಿಸಿದರು. ಈಗ ಮೇರಿ ಲೂ ಅವರ ಮುಂದೆ ಒಂದು ಪ್ರಶ್ನೆ ನಿಂತಿತ್ತು. ಜಾಝ್ ಎಂದರೆ ಕ್ಲಬ್ಬು, ಚಟ, ಸಾವು ಎಂದು ಅವರಿಗೆ ಅನುಭವವೇ ಕಲಿಸಿತ್ತು. ದೇವರನ್ನು ಹುಡುಕುವವರು ಅದನ್ನು ಪೂರ್ತಿ ಬಿಡಬೇಕೆಂದೇ ಅವರ ತೀರ್ಮಾನ. ಆ ತೀರ್ಮಾನಕ್ಕೆ ಅಡ್ಡ ಬಂದವರು ಸಂಗೀತಗಾರರಿಗಿಂತ ಮೊದಲು ಧರ್ಮಗುರುಗಳು ಎಂಬುದೇ ವಿಶೇಷ. ಫಾದರ್ ವುಡ್ಸ್, ಮತ್ತು ಜಾಝ್ ಪ್ರಿಯರಾಗಿದ್ದ ಇನ್ನೊಬ್ಬ ಗುರುಗಳಾದ ಫಾದರ್ ಜಾನ್ ಕ್ರೌಲಿ, ಇಬ್ಬರೂ ಒಂದೇ ಬುದ್ಧಿವಾದ ಹೇಳಿದರು: ಪಿಯಾನೊ ನುಡಿಸುವುದೇ ಅವರಿಗೆ ದೇವರು ಕೊಟ್ಟ ಕೆಲಸ, ಅದನ್ನೇ ಇತರರಿಗಾಗಿ ಪ್ರಾರ್ಥನೆಯಂತೆ ಅರ್ಪಿಸಲಿ. ಮೊಣಕಾಲೂರಿ ಕೂತಿದ್ದವರನ್ನು ಎಬ್ಬಿಸಿ ಕೆಲಸಕ್ಕೆ ಕಳುಹಿಸುವ ಬುದ್ಧಿವಾದ ಸುಲಭದ್ದಲ್ಲ. ಆ ಇಬ್ಬರು ಗುರುಗಳಿಗೆ ಜಾಝ್ ಲೋಕ ಇಂದಿಗೂ ಋಣಿ.

ಹಾಗೆ 1957ರ ಜುಲೈಯಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಡಿಝಿ ಗಿಲೆಸ್ಪಿ ತಂಡದೊಡನೆ ಅವರು ಮತ್ತೆ ವೇದಿಕೆಗೆ ಬಂದರು. ಮೂರು ವರ್ಷದ ನಂತರ ಜನರ ಮುಂದೆ ಪಿಯಾನೊ. ಆ ದಿನದ ಧ್ವನಿಮುದ್ರಿಕೆ ಸಿಗುತ್ತದೆ. ಮೆಲ್ಬಾ ಲಿಸ್ಟನ್ ದೊಡ್ಡ ತಂಡಕ್ಕೆ ಹೊಂದಿಸಿ ಬರೆದ 'ಝೋಡಿಯಾಕ್ ಸ್ವೀಟ್'ನ ಕೆಲ ಭಾಗಗಳನ್ನು ಅವರು ನುಡಿಸುತ್ತಾರೆ. ಹನ್ನೆರಡು ವರ್ಷ ಹಿಂದಿನ ಅದೇ ಸ್ವರಗಳು. 1945ರ ರೆಕಾರ್ಡನ್ನು ಕೇಳಿ ತಕ್ಷಣ ಇದನ್ನು ಕೇಳಿದರೆ, ಬೆರಳುಗಳು ಏನನ್ನೂ ಮರೆತಿಲ್ಲವೆಂಬುದು ಗೊತ್ತಾಗುತ್ತದೆ.

ಅದೇ ಹೊತ್ತಿಗೆ ಸಂಕಷ್ಟದಲ್ಲಿರುವ ಸಂಗೀತಗಾರರಿಗಾಗಿ 'ಬೆಲ್ ಕ್ಯಾಂಟೊ' ಎಂಬ ಪ್ರತಿಷ್ಠಾನ ಆರಂಭಿಸಿದರು. ಹಣಕ್ಕಾಗಿ ಹಳೆಯ ಬಟ್ಟೆಬರೆಗಳ ಅಂಗಡಿ ತೆರೆದು ತಾವೇ ಗಲ್ಲಾದಲ್ಲಿ ಕುಳಿತರು. ಗೆಳೆಯರು ಕೊಟ್ಟ ಕೋಟು, ಗೌನುಗಳು ಅಲ್ಲಿ ಮಾರಾಟಕ್ಕಿದ್ದವು. ಲೆಕ್ಕಪತ್ರ ನೋಡಿದರೆ ಅದು ಲಾಭದ ವ್ಯಾಪಾರವಾಗಿರಲಿಲ್ಲ; ತಮ್ಮ ಗಳಿಕೆಯನ್ನೂ ಅದಕ್ಕೇ ಸುರಿದರು.

ಈಗ ನಮ್ಮ ಓದುಗರಿಗೆ ಹೆಚ್ಚು ಹತ್ತಿರವಾದ ಧ್ವನಿಮುದ್ರಿಕೆಗೆ ಬರೋಣ. ಸಂತ ಮಾರ್ಟಿನ್ ಡಿ ಪೊರೆಸ್ ಅವರನ್ನು ಬಲ್ಲವರು ನಮ್ಮಲ್ಲಿ ಇದ್ದಾರೆ. ಕೈಯಲ್ಲಿ ಪೊರಕೆ ಹಿಡಿದ, ಕಾಲಬಳಿ ಇಲಿಗಳಿರುವ ಕಪ್ಪು ಸಂತರ ಚಿತ್ರವನ್ನು ಕೆಲವರಾದರೂ ನೋಡಿರಬಹುದು. ಪೆರು ದೇಶದ ಲಿಮಾದಲ್ಲಿ 1579ರಲ್ಲಿ ಸ್ಪೇನಿನ ಕುಲೀನ ತಂದೆಗೂ ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪು ತಾಯಿಗೂ ಹುಟ್ಟಿದವರು. ಡೊಮಿನಿಕನ್ ಮಠದಲ್ಲಿ ಕ್ಷೌರ, ಕಸಗುಡಿಸುವಿಕೆ, ರೋಗಿಗಳ ಆರೈಕೆ ಮಾಡಿಕೊಂಡೇ 1639ರಲ್ಲಿ ದೈವಾಧೀನರಾದರು. 1962ರ ಮೇ 6ರಂದು ಜಗದ್ಗುರು 23ನೇ ಜಾನ್ ಅವರನ್ನು ಸಂತರೆಂದು ಘೋಷಿಸಿದರು. ಅಮೆರಿಕದಲ್ಲಿ ಕಪ್ಪು ಜನರು ಸಮಾನ ಹಕ್ಕಿಗಾಗಿ ಬೀದಿಗಿಳಿದಿದ್ದ ಸಮಯ ಅದು. ತಮ್ಮದೇ ಬಣ್ಣದ, ಕೆಳಗಿನ ಕೆಲಸ ಮಾಡಿದ ಒಬ್ಬ ಸಂತ ಎಂಬುದು ಮೇರಿ ಲೂ ಅವರ ಮನಸ್ಸನ್ನು ತಟ್ಟಿತು. ಫಾದರ್ ವುಡ್ಸ್ ಸಾಹಿತ್ಯ ಬರೆದರು, ಇವರು ಸಂಗೀತ ಕೊಟ್ಟರು. ಆ ವರ್ಷದ ನವೆಂಬರ್ 3ರಂದು, ಸಂತರ ಹಬ್ಬದ ದಿನವೇ, ನ್ಯೂಯಾರ್ಕಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯದಲ್ಲಿ ಆ ಕೀರ್ತನೆಯನ್ನು ಮೊದಲ ಬಾರಿಗೆ ಹಾಡಲಾಯಿತು.

ಆರು ನಿಮಿಷ ಮೀರಿದ ಈ ಕೀರ್ತನೆ ಮೊದಲ ಸಲ ಕೇಳುವವರನ್ನು ಕಕ್ಕಾಬಿಕ್ಕಿ ಮಾಡುತ್ತದೆ. ಆರಂಭದಲ್ಲಿ ವಾದ್ಯವೇ ಇಲ್ಲ. ಬರಿಯ ಕಂಠಗಳು, ಒಂದರ ಮೇಲೊಂದು ಸ್ವರವಿಟ್ಟು, ಒಮ್ಮೆ ಹಳೆಯ ದೇವಾಲಯ ಸಂಗೀತದಂತೆ, ಒಮ್ಮೆ ಜಾಝ್ ತಂಡದ ಹಿತ್ತಾಳೆ ವಾದ್ಯಗಳಂತೆ ಕೇಳಿಸುತ್ತವೆ. ಬಹಳ ಹೊತ್ತು ಕಾಯಿಸಿದ ನಂತರ ಪಿಯಾನೊ ಬರುತ್ತದೆ. ಅದೂ ದಕ್ಷಿಣ ಅಮೆರಿಕದ ತಾಳದಲ್ಲಿ, ಸಂತರ ಊರನ್ನು ನೆನಪಿಸುತ್ತಾ, ಕೊಂಚ ಹೊತ್ತು ಮಾತ್ರ. ಮತ್ತೆ ಕಂಠಗಳು. ತಾನೇ ದೊಡ್ಡ ವಾದಕಿಯಾಗಿದ್ದೂ ತನ್ನ ವಾದ್ಯಕ್ಕೆ ಇಷ್ಟೇ ಜಾಗ ಕೊಟ್ಟದ್ದನ್ನು ಗಾಯನ ಮಂಡಳಿಗಳ ಕೀಬೋರ್ಡ್ ವಾದಕರು ಗಮನಿಸಬೇಕು! 1964ರಲ್ಲಿ ಇದನ್ನು ಎಲ್.ಪಿ. ರೆಕಾರ್ಡಾಗಿ ಹೊರತರಲು ಅವರು 'ಮೇರಿ ರೆಕಾರ್ಡ್ಸ್' ಎಂಬ ಸ್ವಂತ ಕಂಪೆನಿಯನ್ನೇ ತೆರೆದರು. ವಿತರಣೆಗೆ ಕೈಜೋಡಿಸಿದ್ದು ಹಿಂದೆ 'ಝೋಡಿಯಾಕ್ ಸ್ವೀಟ್' ಹೊರತಂದಿದ್ದ ಅದೇ ಮೋಸೆಸ್ ಆಶ್ ಅವರ ಫೋಕ್‌ವೇಸ್ ಸಂಸ್ಥೆ. ಅದೇ ರೆಕಾರ್ಡಿನಲ್ಲಿ 'ಅನಿಮಾ ಕ್ರಿಸ್ತಿ' ಎಂಬ ಹಳೆಯ ಪ್ರಾರ್ಥನೆ ತಲೆದೂಗಿಸುವ ಲಯದಲ್ಲಿ ಬರುತ್ತದೆ. ಅಧ್ಯಕ್ಷ ಕೆನಡಿಯವರ ಹತ್ಯೆಯ ಶೋಕದಲ್ಲಿ ರಚಿಸಿದ 'ಡರ್ಜ್ ಬ್ಲೂಸ್' ಇದೆ. ಜೊತೆಗೆ ಶುದ್ಧ ಕ್ಲಬ್ ಸಂಗೀತವೂ ಇದೆ. ಪ್ರಾರ್ಥನೆ ಒಂದು ಬದಿ, ಲೌಕಿಕ ಇನ್ನೊಂದು ಬದಿ ಎಂದು ಅವರು ಭಾಗ ಮಾಡಲಿಲ್ಲ. ಎರಡನ್ನೂ ಒಟ್ಟಿಗೇ ಇಟ್ಟರು. ಅಂದು ಹೆಚ್ಚು ಪ್ರತಿಗಳು ಖರ್ಚಾಗದ ಈ ರೆಕಾರ್ಡು 2004ರಲ್ಲಿ ಸಿ.ಡಿ.ಯಾಗಿ ಮರಳಿ ಬಂದ ಮೇಲೆಯೇ ಹೊಸ ಕೇಳುಗರಿಗೆ ತಲುಪಿತು.

ಜಗದ್ಗುರು ಆರನೇ ಪಾವ್ಲ್ ಅವರ ಕಾಲದಲ್ಲಿ, 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತ ತನ್ನ ಸಂವಿಧಾನವನ್ನು ಪ್ರಕಟಿಸಿತ್ತು. ಜನರ ಭಾಷೆಗೂ ಆಯಾ ಜನಾಂಗಗಳ ಸಂಗೀತಕ್ಕೂ ಬಾಗಿಲು ತೆರೆಯಿತು. ನಮ್ಮಲ್ಲಿ ಲತೀನಿನ ಜಾಗಕ್ಕೆ ಕೊಂಕಣಿ, ಕನ್ನಡ ಗೀತೆಗಳು ಬಂದದ್ದೂ ಇದೇ ದ್ವಾರದಿಂದ. ಮೇರಿ ಲೂ ಅವರು ತಮ್ಮ ಜನಾಂಗದ ಸಂಗೀತ ಯಾವುದೆಂದು ಯೋಚಿಸಬೇಕಾಗಿರಲಿಲ್ಲ. 1967ರಲ್ಲಿ ಪಿಟ್ಸ್‌ಬರ್ಗ್‌ನ ಸೀಟನ್ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತಿದ್ದಾಗ ತಮ್ಮ ಮೊದಲ ಬಲಿಪೂಜಾ ಸಂಗೀತವನ್ನು ರಚಿಸಿದರು. ಅಲ್ಲಿನ ಸಂತ ಪೌಲರ ಪ್ರಧಾನಾಲಯದಲ್ಲಿ ಅದನ್ನು ಹಾಡಲಾಯಿತು. ಮರುವರ್ಷ ತಪಸ್ಸುಕಾಲಕ್ಕಾಗಿ ಎರಡನೆಯದನ್ನು ರಚಿಸಿದರು, ಅದು ಹಾರ್ಲೆಮ್‌ನ ಸಂತ ತೋಮಸರ ದೇವಾಲಯದಲ್ಲಿ ಕೇಳಿಬಂತು.

ಮೂರನೆಯದಕ್ಕಾಗಿ ಅವರು ರೋಮ್‌ವರೆಗೂ ಹೋದರು. ವ್ಯಾಟಿಕನ್‌ನಲ್ಲೇ ತಮ್ಮ ಸಂಗೀತದೊಡನೆ ಬಲಿಪೂಜೆ ನಡೆಯಬೇಕೆಂಬುದು ಅವರ ಆಸೆಯಾಗಿತ್ತು. ಅದು ಈಡೇರಲಿಲ್ಲ. ದೇವಾಲಯದೊಳಗೆ ಡ್ರಮ್ಸ್ ಬರಬಹುದೇ ಎಂಬ ಪ್ರಶ್ನೆ ಆಗಲೂ ಇತ್ತು, ನಮ್ಮ ಧರ್ಮಕೇಂದ್ರಗಳ ಸಭೆಗಳಲ್ಲಿ ಇಂದಿಗೂ ಎದ್ದುಬರುತ್ತದೆ. ಆದರೆ ಬರಿಗೈಯಲ್ಲೂ ಬರಲಿಲ್ಲ. ನ್ಯಾಯ ಮತ್ತು ಶಾಂತಿಗಾಗಿ ಇರುವ ವ್ಯಾಟಿಕನ್ ಆಯೋಗದ ಕಾರ್ಯದರ್ಶಿ ಮಾನ್ಸಿಞೋರ್ ಜೋಸೆಫ್ ಗ್ರೆಮಿಲಿಯನ್ ಶಾಂತಿಗಾಗಿ ಅರ್ಪಿಸುವ ಬಲಿಪೂಜೆಯ ಪಠ್ಯವನ್ನು ಅವರ ಕೈಗಿತ್ತು ಸಂಗೀತ ರಚಿಸಲು ಕೇಳಿಕೊಂಡರು. 1970ರಲ್ಲಿ 'ಮ್ಯೂಸಿಕ್ ಫಾರ್ ಪೀಸ್' ಎಂದು ರೆಕಾರ್ಡಾದ ಆ ಕೃತಿ ಮುಂದೆ 'ಮೇರಿ ಲೂಸ್ ಮಾಸ್' ಎಂದೇ ಪ್ರಸಿದ್ಧವಾಯಿತು. 1971ರಲ್ಲಿ ಆಲ್ವಿನ್ ಐಲಿ ಅದನ್ನು ನೃತ್ಯವಾಗಿಸಿದರು.

ಈ ಕಾಲದಲ್ಲಿ ಅವರ ಬೆನ್ನಿಗೆ ನಿಂತವರು ಯೇಸುಸಭೆಯ ಪೀಟರ್ ಓಬ್ರಿಯನ್. 1964ರಲ್ಲಿ ಗುರುಶಿಕ್ಷಣದಲ್ಲಿದ್ದ ಯುವಕ; ಪತ್ರಿಕೆಯೊಂದರಲ್ಲಿ ಅವರ ಬಗ್ಗೆ ಓದಿ ಹುಡುಕಿಕೊಂಡು ಬಂದರು. ಮುಂದೆ ಗುರುಪಟ್ಟ ಪಡೆದು ಅವರ ಕಾರ್ಯಕ್ರಮಗಳ ವ್ಯವಸ್ಥಾಪಕರೇ ಆದರು. ಜಾಝ್ ವಾದಕಿಗೆ ಮ್ಯಾನೇಜರ್ ಆಗಿ ಒಬ್ಬ ಧರ್ಮಗುರು! 2015ರಲ್ಲಿ ತೀರಿಕೊಳ್ಳುವ ತನಕ ಅವರು ಆ ಕಡತಗಳನ್ನು, ರೆಕಾರ್ಡುಗಳನ್ನು ಕಾಯ್ದರು.

1975ರ ಫೆಬ್ರವರಿ 18, ತಪಸ್ಸುಕಾಲದ ಮೊದಲ ವಾರದ ಮಂಗಳವಾರ. ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಪ್ರಧಾನಾಲಯದಲ್ಲಿ 'ಮೇರಿ ಲೂಸ್ ಮಾಸ್' ಸಂಗೀತದೊಡನೆ ಬಲಿಪೂಜೆ ನಡೆಯಿತು. ಆ ಪ್ರಧಾನಾಲಯದಲ್ಲಿ ಜಾಝ್ ಕೇಳಿಬಂದದ್ದು ಅದೇ ಮೊದಲು. ಮಕ್ಕಳ ಗಾಯನ ಮಂಡಳಿ ಹಾಡಿತು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರು. ಜೂಜುಕಟ್ಟೆಯಲ್ಲಿ ನುಡಿಸುತ್ತಿದ್ದ ಪಿಯಾನೊ ಹುಡುಗಿಗೆ ಆಗ 64 ವರ್ಷ.

ಕೊನೆಯ ವರ್ಷಗಳಲ್ಲೂ ಅವರು ಸುಮ್ಮನೆ ಕೂರಲಿಲ್ಲ. 1977ರ ಏಪ್ರಿಲ್‌ನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಸೆಸಿಲ್ ಟೇಲರ್ ಎಂಬ ಪ್ರಯೋಗಶೀಲ ಪಿಯಾನೊ ವಾದಕರೊಡನೆ ಜಂಟಿಯಾಗಿ ನುಡಿಸಿದರು. ಆ ಧ್ವನಿಮುದ್ರಿಕೆಯನ್ನು ನಾವು ಕೇಳಲು ಪ್ರಯತ್ನಿಸಿದೆವು. ಎರಡು ಪಿಯಾನೊಗಳು ಜಗಳವಾಡಿದಂತಿದೆ, ಸಂತೋಷಕ್ಕಾಗಿ ಮತ್ತೆ ಕೇಳುವಂತಹದಲ್ಲ. ಅದೇ ವರ್ಷದಿಂದ ಉತ್ತರ ಕೆರೊಲಿನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜಾಝ್ ಇತಿಹಾಸ ಕಲಿಸತೊಡಗಿದರು. ಅವರ ಪಾಠಕ್ಕೆ ವಿದ್ಯಾರ್ಥಿಗಳು ಕಿಕ್ಕಿರಿಯುತ್ತಿದ್ದರು. ಜಾಝ್ ಇತಿಹಾಸವನ್ನು ಅವರು ಮರವಾಗಿ ತೋರಿಸುತ್ತಿದ್ದರು. ಕಲಾವಿದ ಡೇವಿಡ್ ಸ್ಟೋನ್ ಮಾರ್ಟಿನ್ ಅದನ್ನು ಚಿತ್ರಿಸಿಕೊಟ್ಟಿದ್ದರು. ಬೇರಿನಲ್ಲಿ ಗುಲಾಮರ ಸಂಕಟ, ಅದರ ಮೇಲೆ ಅವರ ಭಕ್ತಿಗೀತೆಗಳು, ನಂತರ ರ‍್ಯಾಗ್‌ಟೈಮ್, ಸ್ವಿಂಗ್, ಬಾಪ್.

ನಾವು ಕೊನೆಗೆ ಕೇಳಿದ್ದು 1978ರ ಜುಲೈಯಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಉತ್ಸವದಲ್ಲಿ ಒಬ್ಬರೇ ನುಡಿಸಿದ ಕಛೇರಿ. 68ರ ಪ್ರಾಯ. ಹಳೆಯ ಬ್ಲೂಸ್, ಕುಣಿತದ ಬೂಗಿ, ಸಿನಿಮಾ ಹಾಡು ಎಲ್ಲವೂ ಒಂದರೊಳಗೊಂದು ಹರಿಯುತ್ತವೆ. ನಡುವೆ ಕಾಣಿಕೆ ಅರ್ಪಣೆಗೆಂದು ಅವರು ಹಿಂದೆ ರಚಿಸಿದ್ದ ರಾಗವೂ ಬಂದುಹೋಗುತ್ತದೆ. ಎಡಗೈ ಮಾತ್ರ 1930ರದೇ. ಆ 'ನೈಟ್ ಲೈಫ್' ರೆಕಾರ್ಡಿನ ಸದ್ದು ತಟ್ಟನೆ ನೆನಪಾಗಿ, ನಾವು ಹಿಂದಕ್ಕೆ ಹೋಗಿ ಅದನ್ನೇ ಮತ್ತೊಮ್ಮೆ ಹಾಕಿದೆವು.

ಕ್ಯಾನ್ಸರ್‌ನಿಂದ ಬಳಲಿ 1981ರ ಮೇ 28ರಂದು ಡರ್ಹ್ಯಾಮ್‌ನಲ್ಲಿ ಅವರು ನಿಧನರಾದರು. ನ್ಯೂಯಾರ್ಕಿನ ಸಂತ ಇಗ್ನೇಷಿಯಸ್ ಲೊಯೋಲಾ ದೇವಾಲಯದಲ್ಲಿ ನಡೆದ ಅಂತಿಮ ಬಲಿಪೂಜೆಗೆ ಡಿಝಿ ಗಿಲೆಸ್ಪಿ, ಬೆನ್ನಿ ಗುಡ್‌ಮನ್, ಮೊದಲ ತಂಡದ ನಾಯಕ ವೃದ್ಧ ಆಂಡಿ ಕರ್ಕ್ ಬಂದಿದ್ದರು. ದೇಹವನ್ನು ಪಿಟ್ಸ್‌ಬರ್ಗ್‌ನ ಕಲ್ವಾರಿ ಕಥೋಲಿಕ ಸಮಾಧಿ ಸ್ಥಳದಲ್ಲಿ ಹೂಳಲಾಯಿತು. ಮಕ್ಕಳಿಗೆ ಜಾಝ್ ಕಲಿಸಲೆಂದು ಸಾಯುವ ಹಿಂದಿನ ವರ್ಷವೇ ಅವರು ಪ್ರತಿಷ್ಠಾನವೊಂದನ್ನು ಸ್ಥಾಪಿಸಿದ್ದರು.

'ಝೋಡಿಯಾಕ್ ಸ್ವೀಟ್' ಅನ್ನು 2023ರಲ್ಲಿ ಪಿಯಾನೊ ವಾದಕ ಆರನ್ ಡೀಲ್ ಅವರು 'ದಿ ನೈಟ್ಸ್' ವಾದ್ಯವೃಂದದೊಡನೆ ಹೊಸದಾಗಿ ರೆಕಾರ್ಡ್ ಮಾಡಿದ್ದಾರೆ. ಆದರೆ ಎಲ್ಲಿಂದ ಆರಂಭಿಸಲಿ ಎಂದು ಕೇಳುವವರಿಗೆ ನಮ್ಮ ಸಲಹೆ ಸಂತ ಮಾರ್ಟಿನ್‌ರ ಕೀರ್ತನೆಯೇ. ಅದನ್ನು ಇಯರ್‌ಫೋನ್‌ನಲ್ಲಿ ಕೇಳಬೇಡಿ, ಮನೆಮಂದಿ ಕೂತಿರುವಾಗ ಕೊಂಚ ದೊಡ್ಡದಾಗಿ ಹಾಕಿ. ಪಿಯಾನೊ ಬರುವ ತನಕ ಯಾರೂ ಎದ್ದು ಹೋಗದಿರಲಿ.